ಗಿಡಕ್ಕೊಂದು ನಂಬರು

ಕಳೆದ ದಸರೆಯ ಸುಮಾರಿಗೆ ಜರ್ಮನಿಯಲ್ಲಿರುವ ನನ್ನ ಸೋದರಳಿಯ ಒಂದು ಉದ್ದನೆಯ ಪತ್ರ ಬರೆದ. ಈಗಿನವರ ಪತ್ರಕ್ಕೆ ಲಕೋಟೆಯೂ ಇಲ್ಲ, ಅಂಚೆಯವನೂ ಬೇಕಿಲ್ಲ; ಅಂಗೈಯಲ್ಲಿನ ಫೋನಿನ ಗಾಜಿನ ಮೇಲೆ ಅಕ್ಷರ ಮೂಡಿದರೆ ಅದೇ ಪತ್ರ. ಆದರೆ ಹುಡುಗ ಊರಿನ ಮಾತನ್ನು ಮರೆತಿಲ್ಲ ಎಂಬುದೇ ನಮಗೆ ಸಮಾಧಾನ. ಸ್ಟಟ್‌ಗಾರ್ಟಿನಲ್ಲಿ ಅವನಿಗೆ ಕೆಲಸ. ಒಂದು ಶನಿವಾರ ಬೆಳಗಿನ ಜಾವದ ರೈಲು ಹಿಡಿದು ಮ್ಯೂನಿಕ್ ನಗರದ ಬೀರಿನ ಜಾತ್ರೆಗೆ ಹೋಗಿದ್ದನಂತೆ. ರೈಲಿನಲ್ಲಿ ನಿಲ್ಲಲು ಸ್ಥಳವಿರಲಿಲ್ಲ. ಅರ್ಧಕ್ಕರ್ಧ ಜನ ತೊಗಲಿನ ಮೊಳಕಾಲು ಚಡ್ಡಿ ತೊಟ್ಟವರು, ಹೆಂಗಸರು ಹಳೆಯ ಕಾಲದ ಲಂಗ ಕುಪ್ಪಸ ತೊಟ್ಟವರು. ಸ್ಟೇಷನ್ನಿನಿಂದ ಬಯಲಿನವರೆಗೆ ಜನಪ್ರವಾಹವೇ ಇವನನ್ನು ತಳ್ಳಿಕೊಂಡು ಹೋಯಿತು. ಸಾವಿರಾರು ಜನ ಒಟ್ಟಿಗೆ ಕೂರುವ ಡೇರೆಗಳು, ಒಂದೊಂದು ಲೀಟರು ಹಿಡಿಯುವ ಗಾಜಿನ ಮಗ್ಗುಗಳು, ಮೇಜಿನ ಮೇಲೆ ಹತ್ತಿ ನಿಂತು ಹಾಡುವ ಮುದುಕರು. ರಾತ್ರಿ ಒಬ್ಬ ಸ್ನೇಹಿತನ ಕೋಣೆಯ ನೆಲದ ಮೇಲೆ ಮಲಗಿ, ಮರುದಿನ ಮತ್ತೆ ಸುತ್ತಿ, ಭಾನುವಾರ ನಡುರಾತ್ರಿ ಮನೆ ಸೇರಿದನಂತೆ. ಇಷ್ಟನ್ನೂ ವರ್ಣಿಸಿ ಕೊನೆಗೆ ಒಂದು ಪ್ರಶ್ನೆ ಹಾಕಿದ್ದ: “ಮಾಮಾ, ನಮ್ಮ ಕಡಿ ಹಿಂಗ ಏನರ ಇತ್ತೇನ್ರಿ?”

ಇಲ್ಲ ಎಂದು ಒಂದೇ ಮಾತಿನಲ್ಲಿ ಉತ್ತರ ಕೊಡಬಹುದಾಗಿತ್ತು. ಆದರೆ ಅದು ಪೂರ್ತಿ ನಿಜವಲ್ಲ. ನಮ್ಮ ಕಡೆ ಜಾತ್ರೆ ಇತ್ತು, ರೈಲು ಇತ್ತು, ಗಿಡದಿಂದ ತಾನಾಗಿ ಇಳಿಯುವ ಪಾನವೂ ಇತ್ತು. ಮೂರೂ ಇದ್ದು ಅವು ಒಂದು ಕಡೆ ಕೂಡಲಿಲ್ಲವೇಕೆ? ಈ ಪ್ರಶ್ನೆ ತಲೆಯಲ್ಲಿ ಹೊಕ್ಕಮೇಲೆ ಮನೆಯಲ್ಲಿ ಕೂರುವುದಾಗಲಿಲ್ಲ. ಅಳಿಯ ಎರಡು ದಿನ ಓಡಾಡಿದರೆ ಮಾವನೂ ಎರಡು ದಿನ ಓಡಾಡಬಾರದೇಕೆ ಎಂದು, ಮರುವಾರ ಶನಿವಾರ ಕೈಚೀಲ ಹಿಡಿದು ಕಲಬುರಗಿ ಸ್ಟೇಷನ್ನಿಗೆ ನಡೆದೆ. ಶಹಾಬಾದ, ವಾಡಿ, ಚಿತ್ತಾಪುರ, ಸೇಡಂ, ಕೊನೆಗೆ ಚಿಂಚೋಳಿ: ಇದು ನನ್ನ ಯಾತ್ರೆಯ ಪಟ್ಟಿ. ನಾನು ಹುಟ್ಟಿ ಬೆಳೆದ ಸೀಮೆಯೇ ಆದರೂ, ಒಂದೇ ಪ್ರಶ್ನೆಯನ್ನು ಹಿಡಿದುಕೊಂಡು ಅದನ್ನು ಸುತ್ತಿದ್ದು ಅದೇ ಮೊದಲು.

ಹೊರಡುವ ಮುನ್ನ ಮ್ಯೂನಿಕ್ಕಿನ ಜಾತ್ರೆಯ ಮೂಲವನ್ನು ಓದಿಕೊಂಡಿದ್ದೆ. ಅದು ಬೀರಿನಿಂದ ಹುಟ್ಟಿದ್ದೇ ಅಲ್ಲ. 1810ನೆಯ ಅಕ್ಟೋಬರ್ 12ರಂದು ಬವೇರಿಯಾದ ಯುವರಾಜ ಲುಡ್ವಿಗ್‌ನಿಗೂ ರಾಜಕುಮಾರಿ ಥೆರೇಸೆಗೂ ವಿವಾಹವಾಯಿತು. ಆ ಸಂತೋಷಕ್ಕಾಗಿ ಊರ ಹೊರಗಿನ ಬಯಲಿನಲ್ಲಿ ಕುದುರೆಯ ಪಂದ್ಯ ಏರ್ಪಡಿಸಿ ಪ್ರಜೆಗಳನ್ನೆಲ್ಲ ಕರೆದರು. ಬಯಲಿಗೆ ಮದುವಣಗಿತ್ತಿಯ ಹೆಸರಿಟ್ಟರು. ಮರುವರ್ಷ ಮತ್ತೆ ನಡೆಯಿತು, ಅದರ ಮರುವರ್ಷವೂ ನಡೆಯಿತು. ಬೀರಿನ ಅಂಗಡಿಗಳು ಅಂಚಿನಿಂದ ಒಳಗೆ ಬಂದವು. ಕುದುರೆಗಳು ಹಿಂದೆ ಸರಿದವು. ಈಗ ಆ ಬಯಲಿನಲ್ಲಿ ಮ್ಯೂನಿಕ್ಕಿನದೇ ಆದ ಆರು ಕಾರ್ಖಾನೆಗಳ ಬೀರಿಗೆ ಮಾತ್ರ ಪ್ರವೇಶ. ವರ್ಷಕ್ಕೆ 60 ಲಕ್ಷಕ್ಕೂ ಹೆಚ್ಚು ಜನ ಸೇರುತ್ತಾರೆ. ಮೊದಲ ದಿನ ಬೀರು ತಯಾರಿಸುವವರು ಅಲಂಕರಿಸಿದ ಕುದುರೆಗಾಡಿಗಳಲ್ಲಿ ಪೀಪಾಯಿಗಳನ್ನು ಹೇರಿಕೊಂಡು ಮೆರವಣಿಗೆಯಲ್ಲಿ ಬರುತ್ತಾರೆ. ನಗರದ ಮೇಯರ್ ತಾನೇ ಕೊಡತಿ ಹಿಡಿದು ಮೊದಲ ಪೀಪಾಯಿಗೆ ನಲ್ಲಿ ಬಡಿಯುತ್ತಾನೆ. 1950ರಿಂದ ಇದು ಸಂಪ್ರದಾಯ.

ಶಹಾಬಾದದಲ್ಲಿ ಇಳಿದಾಗ ಬಿಸಿಲೇರಿತ್ತು. ಕಲ್ಲಿನ ಊರು. ಇಲ್ಲಿನ ಫರಸಿಕಲ್ಲು ಯಾರಿಗೆ ಗೊತ್ತಿಲ್ಲ? ಮುಂಬಯಿಯಿಂದ ಹೈದರಾಬಾದಿನವರೆಗೆ ಎಷ್ಟೋ ಮನೆಗಳ ಅಂಗಳ, ಅಡಿಗೆಮನೆ, ಸ್ಟೇಷನ್ನಿನ ಕಟ್ಟೆ ಈ ಕಲ್ಲಿನವು. ಕಲ್ಲಿನ ಹಿಂದೆಯೇ ಸಿಮೆಂಟು ಬಂತು. ಇಲ್ಲಿನ ಸಿಮೆಂಟು ಕಂಪನಿ 1936ರಲ್ಲಿ ಬೇರೆ ಕಂಪನಿಗಳ ಜೊತೆ ಕೂಡಿ ಎ.ಸಿ.ಸಿ. ಆಯಿತು. ಕಲ್ಲೂ ಸಿಮೆಂಟೂ ರೈಲಿನ ಬೆನ್ನೇರಿ ದೇಶ ಸಂಚಾರ ಮಾಡಿದವು. ಆದರೆ ಈ ಊರಿನ ಕೂಲಿಕಾರರು ಕುಡಿಯುತ್ತಿದ್ದ ಸೇಂದಿ ಮಾತ್ರ ಎಂದೂ ರೈಲು ಹತ್ತಲಿಲ್ಲ. ಅದಕ್ಕೆ ಕಾರಣ ಸೇಂದಿಯ ಸ್ವಭಾವದಲ್ಲಿಯೇ ಇದೆ.

ನಮ್ಮ ಕಡೆಯಲ್ಲಿ ಈಚಲ ಗಿಡದ ರಸಕ್ಕೆ ಸೇಂದಿ ಎನ್ನುತ್ತಾರೆ. ತಾಳೆಯದಕ್ಕೆ ತಾಡಿ ಎನ್ನುವ ವಾಡಿಕೆ. ಚಳಿಗಾಲದಲ್ಲಿ ಗಿಡದ ತಲೆಯ ಕೆಳಗೆ ಒಂದು ಮಗ್ಗುಲಿನ ಗರಿಗಳನ್ನು ಸವರಿ, ಬಾಗಿದ ಕತ್ತಿಯಿಂದ ಕೆತ್ತಿ, ಸಂಜೆಗೆ ಗಡಿಗೆ ಕಟ್ಟುತ್ತಾರೆ. ಹೊತ್ತು ಮೂಡುವ ಮೊದಲು ಇಳಿಸಿದರೆ ಅದು ಸಕ್ಕರೆ ನೀರಿನಂತೆ ಸಿಹಿ. ಗಾಳಿಯಲ್ಲಿರುವ ಕಣ್ಣಿಗೆ ಕಾಣದ ಹುದುಗು ಅದರೊಳಗೆ ಬಿದ್ದು, ಬಿಸಿಲೇರಿದಂತೆ ರಸ ತಾನೇ ಹುಳಿಯಾಗಿ ನೊರೆಯೇಳುತ್ತದೆ. ಮರುದಿನಕ್ಕೆ ಅದು ಕುಡಿಯಲಾರದಷ್ಟು ಹುಳಿ. ಬೀರಿನ ಕತೆ ಬೇರೆ. ಬವೇರಿಯಾದ ಅರಸರು 1516ರಲ್ಲಿಯೇ ಬೀರಿಗೆ ಜವೆಗೋಧಿ, ಹಾಪ್ ಎಂಬ ಬಳ್ಳಿಯ ಹೂ, ನೀರು ಇವನ್ನು ಬಿಟ್ಟು ಬೇರೇನೂ ಬೀಳಕೂಡದೆಂದು ಕಟ್ಟಳೆ ಮಾಡಿದರು. 1553ರಲ್ಲಿ ಬೇಸಿಗೆಯ ತಿಂಗಳುಗಳಲ್ಲಿ ಬೀರು ಬೇಯಿಸಬಾರದೆಂದು ಇನ್ನೊಂದು ಕಟ್ಟಳೆಯಾಯಿತು. ಆದ್ದರಿಂದ ಮಾರ್ಚಿಯಲ್ಲಿ ಗಟ್ಟಿಯಾಗಿ ಬೇಯಿಸಿ ತಣ್ಣನೆಯ ನೆಲಮಾಳಿಗೆಯಲ್ಲಿಟ್ಟು, ಹೊಸ ಬೀರು ಆರಂಭವಾಗುವ ಮೊದಲು ಹಳೆಯ ಪೀಪಾಯಿಗಳನ್ನು ಖಾಲಿ ಮಾಡುತ್ತಿದ್ದರು. ಕೂಡಿಡಬಹುದಾದ ಪಾನಕ್ಕೆ ಮುಹೂರ್ತ ಇಡಬಹುದು, ಜಾತ್ರೆ ಕೂಡಿಸಬಹುದು. ಸೇಂದಿಗೆ ಅಂಥ ಸಾವಧಾನವಿಲ್ಲ. ಅದರ ಹಬ್ಬವೆಲ್ಲ ಗಿಡದ ಬುಡದಲ್ಲಿ, ಆ ದಿನವೇ.

ಇದು ಪ್ರಕೃತಿ ಕೊಟ್ಟ ಕಾರಣ. ಆದರೆ ಮನುಷ್ಯ ಮಾಡಿದ ಕಾರಣ ಇದಕ್ಕಿಂತ ದೊಡ್ಡದು. ಅದನ್ನು ತಿಳಿಯಲು ವಾಡಿಗೆ ಬರಬೇಕು.

ವಾಡಿಯಲ್ಲಿ ಇಳಿದು, ಮುಂದಿನ ಗಾಡಿಗೆ ಇನ್ನೂ ಹೊತ್ತಿದೆಯೆಂದು ಚಹಾದ ಅಂಗಡಿಯಲ್ಲಿ ಕುಳಿತೆ. ಹಳೆಯ ಪರಿಚಯದವರೊಬ್ಬರು ಸಿಕ್ಕರು. ಮಾತು ಮಾತಿಗೆ ಬೆಳೆದು, ಎರಡನೆಯ ಕಪ್ಪು ಮುಗಿಯುವಾಗ ನನ್ನ ಗಾಡಿ ಕಣ್ಣೆದುರಿಗೇ ಹೊರಟುಹೋಯಿತು. ತಪ್ಪು ನನ್ನದೇ. ಅಳಿಯ ಜರ್ಮನಿಯಲ್ಲಿ ಐದು ನಿಮಿಷಕ್ಕೊಮ್ಮೆ ಗಡಿಯಾರ ನೋಡುತ್ತಿದ್ದನಂತೆ. ಮಾವನಿಗೆ ಆ ಅಭ್ಯಾಸವಿಲ್ಲ. ಆದರೆ ವಾಡಿಯಂಥ ಜಂಕ್ಷನ್ನಿನಲ್ಲಿ ಗಾಡಿ ತಪ್ಪಿಸಿಕೊಂಡವನಿಗೆ ಇತಿಹಾಸ ಓದಲು ಬೇಕಾದಷ್ಟು ಹೊತ್ತು ಸಿಗುತ್ತದೆ.

ಮುಂಬಯಿ ಮದರಾಸುಗಳನ್ನು ಕೂಡಿಸುವ ದಾರಿ 1871ರಲ್ಲಿ ರಾಯಚೂರಿನಲ್ಲಿ ಒಂದಾಯಿತು. ಆ ದಾರಿ ನಿಜಾಮ ರಾಜ್ಯದ ಪಡುವಣ ಅಂಚನ್ನು ಸವರಿಕೊಂಡು ಹೋಯಿತೇ ಹೊರತು ರಾಜಧಾನಿಯನ್ನು ಮುಟ್ಟಲಿಲ್ಲ. ಸಿಕಂದರಾಬಾದಿನಲ್ಲಿ ಇಂಗ್ಲಿಷರ ದೊಡ್ಡ ದಂಡು ಇತ್ತು. ದಂಡಿಗೆ ರೈಲು ಬೇಕು. ಆದರೆ ಅದರ ಖರ್ಚಿನ ಭಾರ ನಿಜಾಮನ ಸರಕಾರದ ಮೇಲೆ. ದಿವಾನರಾದ ಸಾಲಾರ್ ಜಂಗರು ಹಣ ಹೊಂದಿಸಲು ಪಟ್ಟ ಪಾಡು ಅಷ್ಟಿಷ್ಟಲ್ಲ. ಅಂತೂ 1874ರ ಅಕ್ಟೋಬರಿನಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ಗಾಡಿ ಓಡಿತು. ಸಿಂಹಾಸನದ ಮೇಲಿದ್ದ ಮಹಬೂಬ್ ಅಲಿ ಖಾನನಿಗೆ ಆಗ ಎಂಟು ವರ್ಷ. ಚಿತ್ತಾಪುರ, ಮಳಖೇಡ, ಸೇಡಂಗಳ ಜನ ಉಗಿಬಂಡಿಯನ್ನು ನೋಡಿದ್ದು ಹೀಗೆ. ಮುಂದೆ ಈ ದಾರಿ ‘ನಿಜಾಮ ಗ್ಯಾರಂಟೀಡ್ ಸ್ಟೇಟ್ ರೈಲ್ವೆ’ ಎಂಬ ಕಂಪನಿಯ ಕೈಸೇರಿ, 1930ರಲ್ಲಿ ಮತ್ತೆ ಸರಕಾರದ ವಶಕ್ಕೆ ಬಂತು.

ಇಂಥ ಸರಕಾರದ ಖಜಾನೆ ತುಂಬುತ್ತಿದ್ದುದು ಎಲ್ಲಿಂದ? ಮೊದಲನೆಯದು ಭೂಕಂದಾಯ. ಅದನ್ನು ಬಿಟ್ಟರೆ ಅತ್ಯಂತ ದೊಡ್ಡ ಹೊಳೆ ಅಬಕಾರಿಯದು. ‘ಅಬಕಾರಿ’ ಪಾರಸಿ ಮಾತು, ನೀರಿನ ಕೆಲಸ ಎಂದು ಅದರ ಅರ್ಥ. ಬಡವನ ಗಂಟಲಿಗೆ ಇಳಿದ ಒಂದೊಂದು ಗುಟುಕೂ ಹೈದರಾಬಾದಿನ ಖಜಾನೆಯಲ್ಲಿ ನಾಣ್ಯವಾಗಿ ಬೀಳುತ್ತಿತ್ತು. ಊರೂರಿನ ಸೇಂದಿ ಅಂಗಡಿಯ ಹಕ್ಕು ವರ್ಷವರ್ಷವೂ ಹರಾಜಾಗುತ್ತಿತ್ತು. ಹೆಚ್ಚು ಕೂಗಿದವನಿಗೆ ಗುತ್ತಿಗೆ. ‘ಗುತ್ತೇದಾರ’ ಎಂಬುದು ನಮ್ಮ ಜಿಲ್ಲೆಯಲ್ಲಿ ಇಂದಿಗೂ ಮನೆತನದ ಹೆಸರಾಗಿ ಉಳಿದಿದೆ. ಬವೇರಿಯಾದ ಅರಸನೂ ಬೀರಿನಿಂದ ಹಣ ತೆಗೆದನಲ್ಲವೇ ಎಂದು ಓದುಗರು ಕೇಳಬಹುದು. ತೆಗೆದ. ಆದರೆ ಅಲ್ಲಿ ಏನಾಯಿತು ನೋಡಿ. 1810ರಲ್ಲಿ ಮದುವಣಿಗನಾಗಿದ್ದ ಅದೇ ಲುಡ್ವಿಗ್ ಅರಸನಾದ ಮೇಲೆ 1844ರಲ್ಲಿ ಬೀರಿನ ಮೇಲೆ ತೆರಿಗೆ ಏರಿಸಿದ. ಮೇ ತಿಂಗಳ ಮೊದಲ ದಿನವೇ ಮ್ಯೂನಿಕ್ಕಿನ ಕೆಲಸಗಾರರು ಬೀದಿಗಿಳಿದು ಪೋಲೀಸರನ್ನು ಬಡಿದರು. ಅವರ ಮೇಲೆ ಕೈಮಾಡಲು ಸೈನ್ಯ ಹಿಂಜರಿಯಿತು. ಕೊನೆಗೆ ಅರಸನೇ ಬೀರಿನ ಬೆಲೆಯನ್ನು ನೂರಕ್ಕೆ ಹತ್ತರಂತೆ ಇಳಿಸಬೇಕಾಯಿತು. ಆ ಪಾನ ತಮ್ಮದು, ಅದರ ಮೇಲೆ ತಮಗೆ ಅಧಿಕಾರವಿದೆ ಎಂದು ಅಲ್ಲಿನ ಪ್ರಜೆ ತಿಳಿದಿದ್ದ. ನಮ್ಮಲ್ಲಿ ಗಿಡ ಬೆಳೆದದ್ದು ಹಳ್ಳದ ದಂಡೆಯಲ್ಲಿ, ಏರಿದವನು ಈಡಿಗ, ಕುಡಿದವನು ಕೂಲಿಕಾರ; ಗಿಡ ಮಾತ್ರ ಸರಕಾರದ್ದು.

ಇದು ನನಗೆ ಪುಸ್ತಕದಿಂದ ತಿಳಿದ ಸಂಗತಿಯಲ್ಲ. ಸಂಜೆಯ ಗಾಡಿಯಲ್ಲಿ ಚಿತ್ತಾಪುರಕ್ಕೆ ಹೋಗಿ ಸೋದರತ್ತೆಯ ಮಗನ ಮನೆಯಲ್ಲಿ ಉಳಿದುಕೊಂಡೆ. ಅದು ನನ್ನ ಅಜ್ಜ ಕಟ್ಟಿಸಿದ ಮನೆ. ಅಜ್ಜ ನಿಜಾಮಶಾಹಿಯಲ್ಲಿ ತಾಲೂಕು ಕಚೇರಿಯ ಕಾರಕೂನರಾಗಿದ್ದರು. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ಉರ್ದು. ಅವರ ಕೆಲಸಗಳಲ್ಲಿ ಒಂದು, ಸೇಂದಿ ಗಿಡಗಳ ಲೆಕ್ಕ. ರಸ ಇಳಿಸಲು ಕೊಟ್ಟ ಗಿಡಗಳಿಗೆಲ್ಲ ನಂಬರು ಹಾಕಬೇಕು. ಗಿಡಕ್ಕಿಷ್ಟು ಎಂದು ತೆರಿಗೆ. ನಂಬರಿಲ್ಲದ ಗಿಡವನ್ನು ಮುಟ್ಟಿದರೆ ದಂಡ. ನಾನು ಚಿಕ್ಕವನಿದ್ದಾಗ ಅಜ್ಜ ನನ್ನನ್ನು ಕಾಗಿಣಾ ಹೊಳೆಯ ಕಡೆ ತಿರುಗಾಡಲು ಕರೆದೊಯ್ಯುತ್ತಿದ್ದರು. ಕೋಲಿನಿಂದ ತೋರಿಸಿ, ಇದರ ನಂಬರು ಇಷ್ಟು, ಅದರದು ಇಷ್ಟು ಎಂದು ಹೇಳುತ್ತಿದ್ದರು. ನೌಕರಿ ಬಿಟ್ಟು ಎಷ್ಟೋ ವರ್ಷವಾಗಿದ್ದರೂ ಅವರಿಗೆ ನಂಬರು ಮರೆತಿರಲಿಲ್ಲ. ಈಚಲ ಗಿಡದ ವಯಸ್ಸನ್ನು ಓದುವುದನ್ನು ಕಲಿಸಿದವರೂ ಅವರೇ. ಒಂದು ವರ್ಷ ಒಂದು ಮಗ್ಗುಲನ್ನು ಕೆತ್ತಿದರೆ ಮರುವರ್ಷ ಎದುರು ಮಗ್ಗುಲು. ಗಿಡ ಬೆಳೆದಂತೆ ಈ ಗಾಯಗಳು ಎಡಕ್ಕೊಂದು ಬಲಕ್ಕೊಂದು ಮೆಟ್ಟಿಲಿನಂತೆ ಉಳಿದು, ಕಾಂಡವೇ ಹಾವಿನ ನಡಿಗೆಯಂತೆ ಕಾಣುತ್ತದೆ. ಮೆಟ್ಟಿಲು ಎಣಿಸಿದರೆ ಗಿಡ ಎಷ್ಟು ವರ್ಷ ಸೇಂದಿ ಕೊಟ್ಟಿದೆ ಎಂಬುದು ತಿಳಿಯುತ್ತದೆ.

ಭಾನುವಾರ ಬೆಳಿಗ್ಗೆ ಎದ್ದು ಊರ ಮಗ್ಗುಲಿನ ನಾಗಾವಿಗೆ ಹೋಗಿಬಂದೆ. ಚಿತ್ತಾಪುರಕ್ಕೆ ಬಂದು ನಾಗಾವಿ ನೋಡದೆ ಹೋಗುವುದಾದರೂ ಹೇಗೆ? ಕಲ್ಯಾಣದ ಚಾಲುಕ್ಯರ ಕಾಲದಲ್ಲಿ ಅದೊಂದು ದೊಡ್ಡ ಘಟಿಕಾಸ್ಥಾನ. ಅಲ್ಲಿನ 1058ರ ಶಾಸನದಲ್ಲಿ ವೇದ ಓದುವ ಇನ್ನೂರು ವಿದ್ಯಾರ್ಥಿಗಳ, ಶಾಸ್ತ್ರ ಕಲಿಸುವ ಆಚಾರ್ಯರ, ಆರು ಜನ ‘ಸರಸ್ವತೀ ಭಂಡಾರಿ’ಗಳ ಲೆಕ್ಕವಿದೆ. ಭಂಡಾರಿಯೆಂದರೆ ಅಲ್ಲಿ ಹಣ ಕಾಯುವವನಲ್ಲ, ಪುಸ್ತಕ ಕಾಯುವವನು. ಆ ಕಂಬಗಳ ನಡುವೆ ನಿಂತಾಗ, ಇದೇ ಮಣ್ಣಿನಲ್ಲಿ ಒಂದು ಕಾಲಕ್ಕೆ ಓಲೆಗರಿಗಳನ್ನು ಎಣಿಸುವ ಕಾರಕೂನರಿದ್ದರು, ಇನ್ನೊಂದು ಕಾಲಕ್ಕೆ ಸೇಂದಿ ಗಿಡಗಳನ್ನು ಎಣಿಸುವ ಕಾರಕೂನರಾದರು ಎಂದು ಅಜ್ಜನ ನೆನಪಾಗಿ ನಗು ಬಂತು.

ಮಳಖೇಡ ರೋಡ್ ಸ್ಟೇಷನ್ನಿನಲ್ಲಿ ಇಳಿದು ಕೋಟೆಯ ಕಡೆ ಹೋಗಿ ಬರುವಷ್ಟರಲ್ಲಿ ಮಧ್ಯಾಹ್ನವಾಯಿತು. ಅಮೋಘವರ್ಷ ನೃಪತುಂಗನ ರಾಜಧಾನಿ, ಕವಿರಾಜಮಾರ್ಗ ಹುಟ್ಟಿದ ನೆಲ. ಬಿದ್ದ ಗೋಡೆಗಳ ಕೆಳಗೆ ಕಾಗಿಣೆ ಹರಿಯುತ್ತಾಳೆ. 851ರ ಸುಮಾರಿನ ಅರಬ್ಬಿ ವೃತ್ತಾಂತವೊಂದು ಇಲ್ಲಿನ ಅರಸನನ್ನು ಹಿಂದೂಸ್ಥಾನದ ಅರಸರಲ್ಲೆಲ್ಲ ಶ್ರೇಷ್ಠನೆಂದು ಕೊಂಡಾಡುತ್ತದೆ. ಅದೇ ವೃತ್ತಾಂತದಲ್ಲಿ ಇನ್ನೊಂದು ಮಾತಿದೆ: ಈ ದೇಶದವರು ಮದ್ಯವನ್ನು ದೂರವಿಡುತ್ತಾರೆ, ಕುಡಿಯುವ ಅರಸನನ್ನು ಅರಸನೆಂದೇ ಅವರು ಎಣಿಸುವುದಿಲ್ಲ. ಊರ ಹೊರಗಿನ ಬಡವರು ಏನು ಕುಡಿಯುತ್ತಿದ್ದರೆಂಬುದನ್ನು ಆ ವರ್ತಕರು ವಿಚಾರಿಸಲು ಹೋಗಲಿಲ್ಲ. ಮೂರು ಶತಮಾನಗಳ ಮೇಲೆ ಕಲ್ಯಾಣದ ಶರಣರ ನಡುವೆ ಹೆಂಡದ ಮಾರಯ್ಯನೆಂಬ ವಚನಕಾರನಿದ್ದ. ಹೆಂಡ ಮಾರುವುದು ಅವನ ಕಾಯಕ. ಧರ್ಮೇಶ್ವರಲಿಂಗವೆಂಬುದು ಅವನ ಅಂಕಿತ. ಹೆಂಡ ಮಾರುವವನನ್ನೂ ‘ಅಯ್ಯ’ ಎಂದು ಕರೆದು ಪಕ್ಕದಲ್ಲಿ ಕೂರಿಸಿಕೊಂಡ ಸಭೆ ನಮ್ಮ ಇತಿಹಾಸದಲ್ಲಿ ಅದೊಂದೇ ಇರಬೇಕು.

ಮಳಖೇಡದಿಂದ ಸೇಡಮ್ಮಿಗೆ ಹೋಗುವ ಗಾಡಿಯಲ್ಲಿ ಜನವೋ ಜನ. ಎಪ್ಪತ್ತು ದಾಟಿದ ಮುದುಕರೊಬ್ಬರು ಜರುಗಿ ನನಗೆ ಜಾಗ ಮಾಡಿಕೊಟ್ಟರು. ಅಂಗೈ ನೋಡಿದೆ, ಹಗ್ಗ ಹಿಡಿದು ಹಿಡಿದು ಒರಟಾದ ಗೆರೆಗಳು.

“ಎಲ್ಲಿಗಿ ಹೊಂಟೀರಿ?” ಎಂದೆ.

“ತಾಂಡೂರ ಆ ಕಡಿ, ಮಗಳ ಮನಿಗ್ರಿ. ಅಳಿಯ ಅಲ್ಲಿ ಗಿಡ ಏರ್ತಾನ್ರಿ. ನಮ್ಮಲ್ಲಿ ಬಂದಾಯ್ತಲ್ರಿ, ಆ ಕಡಿ ನಡೀತದ.”

ಅವರು ಈಡಿಗರು. ಹದಿನಾರನೆಯ ವರ್ಷದಿಂದ ಗಿಡ ಏರಿದವರು. 2004ರಲ್ಲಿ ನಮ್ಮ ಸರಕಾರ ಕರಾವಳಿಯನ್ನು ಬಿಟ್ಟು ಉಳಿದೆಡೆ ಸೇಂದಿಯನ್ನು ನಿಲ್ಲಿಸಿದಾಗ ಕತ್ತಿಯನ್ನು ಸೂರಿನಲ್ಲಿ ಸಿಕ್ಕಿಸಿದರಂತೆ. 2007ರಲ್ಲಿ ಸಾರಾಯಿಯೂ ನಿಂತಿತು. ರೈಲಿನಲ್ಲಿ ಸೇಡಂ ದಾಟಿ ಸ್ವಲ್ಪ ಹೊತ್ತು ಹೋದರೆ ತೆಲಂಗಾಣ. ಅಲ್ಲಿ ಕಲ್ಲಿನ ಅಂಗಡಿ ತೆರೆದೇ ಇದೆ. ಸೇಂದಿಗೆ ಅವರು ‘ಕಲ್ಲು’ ಎನ್ನುತ್ತಾರೆ. ಗಡಿ ದಾಟುವ ಈ ಗಾಡಿಯಲ್ಲಿ ಭಾನುವಾರ ಜನ ಹೆಚ್ಚು ಏಕೆ ಎಂದು ಕೇಳಿದೆ. ಮುದುಕರು ನಕ್ಕು, “ಎಲ್ಲಾರೂ ಮಗಳ ಮನಿಗೇ ಹೊಂಟಾರಂತ ತಿಳೀರಿ” ಎಂದರು. ಅಳಿಯನ ಪ್ರಶ್ನೆಗೆ ಅರ್ಧ ಉತ್ತರ ನನಗೆ ಆಗಲೇ ಸಿಕ್ಕಿಬಿಟ್ಟಿತು. ರೈಲು ಹತ್ತಿ ಪಾನಕ್ಕೆ ಹೋಗುವ ವಾರದ ಕೊನೆ ನಮ್ಮಲ್ಲಿಯೂ ಇದೆ; ಡೇರೆಯಿಲ್ಲ, ಹಾಡಿಲ್ಲ, ಹೋಗುವವರು ಹೇಳಿಕೊಳ್ಳುವುದಿಲ್ಲ, ಅಷ್ಟೇ.

ಮಾತಿನ ಭರದಲ್ಲಿ ನನ್ನ ಮನೆಯ ಕತೆಯನ್ನು ಅವರಿಗೆ ಹೇಳಿದೆ. ಅದನ್ನು ಓದುಗರಿಗೂ ಹೇಳಬೇಕು. ಗಿಡಗಳಿಗೆ ನಂಬರು ಹಾಕುತ್ತಿದ್ದ ನನ್ನ ಅಜ್ಜನ ಕಿರಿಯ ಮಗ, ಎಂದರೆ ನನ್ನ ಕಾಕಾ, 1947ರಲ್ಲಿ ಗುಲ್ಬರ್ಗದಲ್ಲಿ ಓದುತ್ತಿದ್ದರು. ಆ ವರ್ಷ ಆಗಸ್ಟ್ 7ರಂದು ಸ್ವಾಮಿ ರಾಮಾನಂದ ತೀರ್ಥರ ನೇತೃತ್ವದ ಸ್ಟೇಟ್ ಕಾಂಗ್ರೆಸ್ಸು, ಹೈದರಾಬಾದು ಭಾರತವನ್ನು ಸೇರಬೇಕೆಂದು ಸತ್ಯಾಗ್ರಹ ಸಾರಿತು. ಕರೋಡಗಿರಿ ನಾಕೆಗಳನ್ನು ಮುರಿಯುವುದು, ಲೆವಿ ಧಾನ್ಯ ಕೊಡದಿರುವುದು, ಇವುಗಳ ಜೊತೆಗೆ ಸೇಂದಿ ಗಿಡಗಳನ್ನು ಕಡಿಯುವುದೂ ಚಳುವಳಿಯ ಒಂದು ಅಂಗವಾಯಿತು. ಇದು ಹೊಸದಲ್ಲ, 1939ರಲ್ಲಿ ಮೈಸೂರು ಸಂಸ್ಥಾನದ ತುರುವನೂರಿನಲ್ಲಿ ಈಚಲ ಮರ ಕಡಿದು ನಿಜಲಿಂಗಪ್ಪನವರು ಸೆರೆಮನೆ ಸೇರಿದ್ದರು. ಗಾಂಧೀಜಿಯವರ ಪಾನನಿಷೇಧ ಒಂದು ಕಡೆ. ಗಿಡ ಬಿದ್ದರೆ ನಿಜಾಮನ ಖಜಾನೆಯ ಒಂದು ಕಾಲು ಮುರಿಯುತ್ತದೆ ಎಂಬ ಲೆಕ್ಕ ಇನ್ನೊಂದು ಕಡೆ. ಕಾಕಾ ಕಾಲೇಜು ಬಿಟ್ಟು ಗೆಳೆಯರೊಡನೆ ಚಿಂಚೋಳಿಯ ಕಡೆ ಹೋಗಿ ರಾತ್ರೋರಾತ್ರಿ ಕೊಡಲಿ ಬೀಸಿದರು. ಬೀಳಿಸಿದ ಗಿಡಗಳ ಪಟ್ಟಿ ಕೆಲದಿನಗಳಲ್ಲಿ ಅಜ್ಜನ ಮೇಜಿಗೆ ಬಂತಂತೆ. ಒಂದೊಂದು ನಂಬರಿನ ಮುಂದೆಯೂ ಅಜ್ಜ ‘ನದಾರದ್’ ಎಂದು ಬರೆದರು. ಇಲ್ಲ ಎಂದು ಅದರ ಅರ್ಥ. ಯಾರು ಕಡಿದರೆಂಬ ಕಲಮಿನಲ್ಲಿ ಏನನ್ನೂ ಬರೆಯಲಿಲ್ಲ. ಕಾಕಾ ಸೆರೆ ಸಿಕ್ಕಿ ಗುಲ್ಬರ್ಗ ಜೈಲು ಸೇರಿ, 1948ರ ಸೆಪ್ಟೆಂಬರಿನಲ್ಲಿ ಪೋಲೀಸು ಕಾರ್ಯಾಚರಣೆ ಮುಗಿದ ಮೇಲೆ ಹೊರಬಂದರು. ತಂದೆ ಮಗ ಆ ವಿಷಯವನ್ನು ಕೊನೆಯವರೆಗೂ ಮಾತಾಡಲಿಲ್ಲ. ಆದರೆ ನಮ್ಮ ಮನೆಯಲ್ಲಿ ಹಬ್ಬಹುಣ್ಣಿಮೆಗೆ ಕೂಡಿದಾಗಲೆಲ್ಲ ಆ ಕೊಡಲಿಯ ಕತೆ ಬರುತ್ತಿತ್ತು. ನಾವು ಮಕ್ಕಳು ಕಿವಿ ನಿಮಿರಿಸಿ ಕೇಳುತ್ತಿದ್ದೆವು.

ಮುದುಕರು ಕಿಟಕಿಯ ಹೊರಗೆ ನೋಡುತ್ತ ಎಲ್ಲವನ್ನೂ ಕೇಳಿದರು. ಆಮೇಲೆ ಮೆಲ್ಲನೆ ಹೇಳಿದರು: “ನಮ್ಮಪ್ಪ ಹೇಳತಿದ್ದ ನೋಡ್ರಿ. ಆ ವರ್ಸ ಗಿಡ ಕಡದ್ರು. ಗುತ್ತೇದಾರ ಬ್ಯಾರೆ ಊರಿಗಿ ಹ್ವಾದ, ಸರಕಾರಾನೂ ಬದಲಾತು. ನಾವ್ ಎರಡು ವರ್ಸ ಕೂಲಿ ಮಾಡಿದ್ವಿ. ಗಿಡ ಕಡದವರ ಹೆಸರು ಪುಸ್ತಕದಾಗ ಬಂದಾವ ಅಂತೀರಿ, ಖರೆ. ಗಿಡ ಏರತಿದ್ದವರದು ಬಂದದೇನ್ರಿ?”

ನನ್ನ ಬಳಿ ಉತ್ತರವಿರಲಿಲ್ಲ. ಇಷ್ಟು ವರ್ಷ ಆ ಕತೆಯನ್ನು ಕೇಳಿದ್ದೆ, ಹೇಳಿದ್ದೆ. ಅದರೊಳಗೆ ಗಿಡ ಏರುವವನೊಬ್ಬನಿದ್ದಾನೆ ಎಂಬುದೇ ನನಗೆ ಹೊಳೆದಿರಲಿಲ್ಲ. ಅಜ್ಜನಿಗೆ ಗಿಡವೊಂದು ನಂಬರು, ಕಾಕಾನಿಗೆ ಅದೊಂದು ಶತ್ರು. ಅದು ಯಾರದೋ ಮನೆಯ ರೊಟ್ಟಿ ಎಂಬುದು ಇಬ್ಬರ ಲೆಕ್ಕದಲ್ಲಿಯೂ ಬರಲಿಲ್ಲ. ಸೇಡಂ ಬಂತು. ನಾನು ಇಳಿದೆ; ಅವರು ಕೈಯೆತ್ತಿದರು; ಗಾಡಿ ಹೋಯಿತು.

ನಾನು ಕುಡಿತದ ಪರ ವಕೀಲಿ ಮಾಡುತ್ತಿಲ್ಲ. ಸೇಂದಿಯ ಹೆಸರಿನಲ್ಲಿ ನೀರಿಗೆ ಮತ್ತಿನ ಪುಡಿ ಕಲಸಿ ಮಾರಿದ ಕಾಲವನ್ನು ನಾನೂ ನೋಡಿದ್ದೇನೆ. ಆ ಪುಡಿ ಒಳಗಾದವರ ಮನೆಗಳನ್ನೂ ನೋಡಿದ್ದೇನೆ. ಸಂಜೆಯ ಕೂಲಿಯೆಲ್ಲ ಅಂಗಡಿಗೆ ಹೋದಾಗ ಒಲೆಯ ಮುಂದೆ ಕುಳಿತ ತಾಯಂದಿರು ಅಂಗಡಿ ಮುಚ್ಚಿ ಎಂದು ಕೂಗಿದ್ದು ನ್ಯಾಯವೇ. ಕಾಕಾ ಮಾಡಿದ್ದೂ ತಪ್ಪೆಂದು ಹೇಳುವ ಯೋಗ್ಯತೆ ನನಗಿಲ್ಲ. ಅವರ ಕೊಡಲಿ ಬಿದ್ದದ್ದು ಗಿಡದ ಮೇಲಾದರೂ ಗುರಿಯಿದ್ದದ್ದು ಸಿಂಹಾಸನದ ಮೇಲೆ. ನಾನು ಹೇಳುವುದಿಷ್ಟೇ: ಬೀರು ತಯಾರಿಸುವವನನ್ನು ಮ್ಯೂನಿಕ್ಕು ಮೆರವಣಿಗೆಯ ಮುಂದೆ ಕೂರಿಸಿತು, ಅದಕ್ಕೇ ಅಲ್ಲಿನ ಪಾನ ಹಬ್ಬವಾಯಿತು. ನಾವು ಸೇಂದಿಯನ್ನು ಹರಾಜು ಕಟ್ಟೆಗೆ ಏರಿಸಿ, ಏರುವವನನ್ನು ಊರ ಅಂಚಿಗೆ ಇರಿಸಿದೆವು. ಹರಾಜಿಗೆ ಬಿದ್ದ ವಸ್ತುವಿನಲ್ಲಿ ಹಬ್ಬ ಹೇಗೆ ಹುಟ್ಟೀತು? ಊರ ದೇವಿಯ ಮುಂದೆ ಒಂದು ಗಡಿಗೆ ಇಟ್ಟು ಕೈಮುಗಿಯುವ ಒಂದು ದಿನವನ್ನು ಬಿಟ್ಟರೆ, ವರ್ಷವೆಲ್ಲ ಅದು ಸರಕಾರಕ್ಕೆ ಆದಾಯ, ಕುಡಿದವನಿಗೆ ನಾಚಿಕೆ.

ಸೇಡಮ್ಮಿನಿಂದ ಮುಂದೆ ರೈಲು ನನಗೆ ಬೇಕಿರಲಿಲ್ಲ. ಚಿಂಚೋಳಿಗೆ ರೈಲಿಲ್ಲ, 1874ರ ದಾರಿ ಅದನ್ನು ಬಡಗಣಕ್ಕೆ ಬಿಟ್ಟು ಮೂಡಣಕ್ಕೆ ಹೋಯಿತು. ಬಸ್ಸು ಹಿಡಿದೆ. ತೊಗರಿಯ ಹೊಲಗಳು ಮುಗಿದು ಕೆಂಪು ನೆಲ, ಕುರುಚಲು ಕಾಡು ಶುರುವಾಗುತ್ತದೆ. ಅಲ್ಲಿನ ಕಾಡಿನ ಒಂದು ಭಾಗ 2011ರಿಂದ ವನ್ಯಧಾಮವಾಗಿದೆ. ಇಳಿಯುವ ಹೊತ್ತಿಗೆ ಬಿಸಿಲು ಇಳಿದಿತ್ತು. ಕಲಬುರಗಿಗೆ ಹೋಗುವ ಬಸ್ಸಿಗೆ ಒಂದು ಗ್ಲಾಸು ಚಹಾ ಕುಡಿಯುವಷ್ಟೇ ಹೊತ್ತು. ಈ ಸಲ ನಾನು ಚಹಾ ಕುಡಿಯಲಿಲ್ಲ. ಕಾಕಾ ಹೇಳುತ್ತಿದ್ದ ಹಳ್ಳದ ಕಡೆ ಬಿರುಬಿರನೆ ನಡೆದೆ.

ಹಳ್ಳದ ದಂಡೆಯಲ್ಲಿ ಈಚಲ ಪೊದೆಗಳು ಬೇಕಾದಷ್ಟು ಬೆಳೆದಿವೆ. ಹೆಚ್ಚಿನವು ಎಳೆಯವು, ಕತ್ತಿ ಕಾಣದವು. ಅವುಗಳ ನಡುವೆ ಒಂದು ಹಳೆಯ ಗಿಡ, ಹಾವಿನಂತೆ ಓರೆಕೋರೆಯಾದ ಕಾಂಡದ್ದು, ಒಂಟಿಯಾಗಿ ನಿಂತಿತ್ತು. ನಂಬರಿನ ಗುರುತೇನೂ ಇರಲಿಲ್ಲ. ಅಜ್ಜ ಕಲಿಸಿದಂತೆ ಬುಡದಿಂದ ಮೆಟ್ಟಿಲು ಎಣಿಸತೊಡಗಿದೆ. ಎಡಕ್ಕೊಂದು, ಬಲಕ್ಕೊಂದು. ಒಂದೊಂದು ಮೆಟ್ಟಿಲೂ ಒಬ್ಬ ಮನುಷ್ಯನ ಒಂದು ಚಳಿಗಾಲ. ನಸುಕಿನಲ್ಲಿ ಎದ್ದು, ಸೊಂಟಕ್ಕೆ ಹಗ್ಗ ಬಿಗಿದು ಏರಿದ ದಿನಗಳು. ಹದಿನೇಳರವರೆಗೆ ಎಣಿಸಿದೆ. ಅಲ್ಲಿಂದ ಮೇಲಕ್ಕೆ ಕತ್ತಲೆಯಲ್ಲಿ ಕಣ್ಣು ಹತ್ತಲಿಲ್ಲ. ಅಷ್ಟರಲ್ಲಿ ಬಸ್ಸಿನ ಹಾರನ್ನು ಕೇಳಿಸಿತು.

ಬಸ್ಸಿನಲ್ಲಿ ಕುಳಿತು ಅಳಿಯನಿಗೆ ಉತ್ತರ ಬರೆದೆ. ನಮ್ಮ ಕಡೆ ಅಂಥ ಜಾತ್ರೆ ಇರಲಿಲ್ಲಪ್ಪ. ಯಾಕಿರಲಿಲ್ಲ ಎಂಬುದು ದೊಡ್ಡ ಕತೆ, ನೀನು ಊರಿಗೆ ಬಂದಾಗ ಹೇಳುತ್ತೇನೆ. ಬರುವಾಗ ಹಗಲಿನಲ್ಲಿ ಬಾ. ಚಿಂಚೋಳಿಯ ಹಳ್ಳದಲ್ಲಿ ಒಂದು ಗಿಡವಿದೆ. ಹದಿನೇಳರ ಮೇಲಿನದನ್ನು ನೀನು ಎಣಿಸಿಕೊಡಬೇಕು.